ಗೋಲು ಕಂಬ ರಿಪೇರಿ: 96 ರೂಪಾಯಿ

ಕಳೆದ ಜೂನಿನಲ್ಲಿ ಶಾಲೆ ಶುರುವಾದ ಎರಡನೇ ವಾರ. ಸಂಜೆ ಮಳೆಯಲ್ಲಿ ಪೂರ್ತಿ ನೆನೆದು ಬಂದ ಮೊಮ್ಮಗಳು ಬ್ಯಾಗನ್ನು ಜಗಲಿಯಲ್ಲಿ ಇಳಿಸಿ, "ಅಜ್ಜಾ, ನಾನು ಶಾಲೆಯ ಫುಟ್‌ಬಾಲ್ ಟೀಮಿಗೆ ಸೆಲೆಕ್ಟ್ ಆದೆ. ನನಗೆ ಬೂಟು ಬೇಕು" ಎಂದಳು. ಅವಳು ಏಳನೇ ಕ್ಲಾಸು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವುದನ್ನು ನಾನು ನೋಡಿರಲಿಲ್ಲ. ಸಂತೋಷವಾಯಿತು. ಮರುದಿನವೇ ಪುತ್ತೂರು ಪೇಟೆಗೆ ಹೋದೆವು.

ಅಂಗಡಿಯವನು ಹಳದಿ, ಕೆಂಪು, ಗಿಳಿ ಹಸಿರು ಬಣ್ಣದ ಬೂಟುಗಳನ್ನು ಸಾಲಾಗಿ ಇಟ್ಟ. ಬೆಲೆ ಕೇಳಿ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನನ್ನ ಮೊದಲ ತಿಂಗಳ ಸಂಬಳದಲ್ಲಿ ಅದರ ಒಂದು ಕಾಲಿನದ್ದೂ ಬರುತ್ತಿರಲಿಲ್ಲ. ಮೊಮ್ಮಗಳು ಕೇಳಿದಳು: "ಅಜ್ಜಾ, ನೀವು ಕಾಲೇಜಿನಲ್ಲಿ ಇರುವಾಗ ನಿಮ್ಮ ಟೀಮಿನವರು ಯಾವ ಕಂಪೆನಿಯ ಬೂಟು ಹಾಕ್ತಾ ಇದ್ರು?"

"ಐದು ಬೆರಳಿನ ಕಂಪೆನಿಯದ್ದು" ಎಂದೆ.

ಅವಳು ನಕ್ಕಳು. ಆದರೆ ಬಿಡಲಿಲ್ಲ. ರಾತ್ರಿ ಊಟವಾದ ಮೇಲೆ ಪೂರ್ತಿ ಕಥೆ ಹೇಳಬೇಕಾಯಿತು. ಹೇಳುತ್ತಾ ಹೋದಂತೆ, ಐವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಹೇಳದ ಒಂದು ಸಂಗತಿಯೂ ಬಾಯಿಗೆ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಕಾಲೇಜಿನ ಊರು

ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು ಆರಂಭವಾಯಿತು. 1965ರಲ್ಲಿ ವಿವೇಕಾನಂದ ಕಾಲೇಜು ಬಂತು. ಅದಕ್ಕೆ ಮೊದಲು ಈ ಕಡೆಯ ಮಕ್ಕಳು ಕಾಲೇಜು ಓದಬೇಕಾದರೆ ಮಂಗಳೂರಿಗೆ ಹೋಗಬೇಕಿತ್ತು. ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜು ಆರಂಭವಾದದ್ದು 1976ರಲ್ಲಿ. ಹಾಗಾಗಿ 1968ರಲ್ಲಿ, ನಾನು ಬಿ.ಕಾಂ. ಓದುವಾಗ, ಸುಳ್ಯ, ಕಡಬ, ಸುಬ್ರಹ್ಮಣ್ಯದ ಕಡೆಯ ಹುಡುಗರೆಲ್ಲ ಪುತ್ತೂರಿಗೇ ಬರುತ್ತಿದ್ದರು. ನಾನು ಓದಿದ್ದು ಆ ಎರಡರಲ್ಲಿ ಒಂದು ಕಾಲೇಜಿನಲ್ಲಿ. ಯಾವುದೆಂದು ಹೇಳಿದರೆ ಇನ್ನೊಂದು ಕಾಲೇಜಿನ ಗೆಳೆಯರು ನಮ್ಮ ಮನೆಗೆ ಚಹಾಕ್ಕೆ ಬರುವುದು ನಿಲ್ಲಿಸಿಯಾರು. ಅದಕ್ಕೆ ಬೇಡ.

ಆಗ ಪುತ್ತೂರಿಗೆ ರೈಲು ಇರಲಿಲ್ಲ. ಮಂಗಳೂರು–ಹಾಸನ ರೈಲು ಮಾರ್ಗ ಮುಗಿದದ್ದು 1979ರಲ್ಲಿ. ಎಲ್ಲಿಗೆ ಹೋಗಬೇಕಾದರೂ ಬಸ್ಸು. ಕಡಬದ ಕಡೆಯವರ ಪಾಡಂತೂ ಕೇಳಬೇಡಿ. ಹೊಸ್ಮಠದಲ್ಲಿ ಹೊಳೆ ಉಕ್ಕಿದರೆ ದಾರಿ ಬಂದ್. ಶನಿವಾರ ಮನೆಗೆ ಹೋದವನು ಸೋಮವಾರ ಬಾರದಿದ್ದರೆ ಮೇಷ್ಟ್ರು ಹಾಜರಿ ಕರೆಯುವಾಗ ನಾವೇ ಹೇಳುತ್ತಿದ್ದೆವು: "ಸರ್, ಹೊಳೆ ಬಂದಿದೆ."

ನಮ್ಮ ಮೈದಾನ ಗುಡ್ಡ ಕಡಿದು ಮಾಡಿದ್ದು. ಕೆಳಗೆ ಮುರಕಲ್ಲು, ಮೇಲೆ ಜಲ್ಲಿಯಂಥ ಕೆಂಪು ಮಣ್ಣು. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲಿಯೇ ಉಳಿಯುತ್ತಿತ್ತು. ಗೋಲು ಕಂಬಗಳು ಅಡಿಕೆ ಮರದ್ದು. ನಿಯಮದಂತೆ ಗೋಲಿನ ಅಗಲ 24 ಅಡಿ, ಎತ್ತರ 8 ಅಡಿ ಇರಬೇಕು. ಎತ್ತರಕ್ಕೆ ಅಡಿಕೆ ಮರಕ್ಕಿಂತ ಒಳ್ಳೆಯದು ಯಾವುದುಂಟು? ಬೀಳಿಸಿದ ಹಳೆಯ ಮರ, ದುಡ್ಡೂ ಇಲ್ಲ. ಈ ಅಡಿಕೆ ಕಂಬವನ್ನು ನೆನಪಿನಲ್ಲಿ ಇಡಿ. ಮುಂದೆ ಬೇಕಾಗುತ್ತದೆ.

ನಾನು ಆಟಗಾರ ಎಂದರೆ ಅದು ಸುಳ್ಳಾಗುತ್ತದೆ. ತಂಡದಲ್ಲಿ ನಾನು ಹನ್ನೆರಡನೆಯವನು. ಯಾರಿಗಾದರೂ ಜ್ವರ ಬಂದರೆ ಮಾತ್ರ ನನಗೆ ಆಟ. ಕಾಮರ್ಸ್ ಓದುತ್ತಾನೆ ಎಂದು ಲೆಕ್ಕದ ಪುಸ್ತಕ ನನಗೆ ಕೊಟ್ಟಿದ್ದರು. ಚೆಂಡಿನ ಬ್ಲಾಡರಿಗೆ ಸೈಕಲ್ ಪಂಪಿನಲ್ಲಿ ಗಾಳಿ ಹಾಕಿ, ಬಾಯಿ ಕಟ್ಟಿ, ಒಳಗೆ ತುರುಕಿಸಿ, ಮೇಲಿನ ಚರ್ಮದ ದಾರವನ್ನು ಬಿಗಿಯುವುದೂ ನನ್ನ ಕೆಲಸ. ಆಗಿನ ಚೆಂಡು ಈಗಿನಂಥದ್ದಲ್ಲ ಮಕ್ಕಳೇ. ಒಣಗಿದ್ದಾಗ ಹೆಚ್ಚೆಂದರೆ 450 ಗ್ರಾಂ. ನಮ್ಮ ಆಟಿ ತಿಂಗಳ ಮಳೆ ಕುಡಿದರೆ ತೆಂಗಿನಕಾಯಿಯಷ್ಟು ಭಾರ. ಅದರ ದಾರದ ಗಂಟು ಹಣೆಗೆ ತಾಗಿದರೆ ಎರಡು ದಿನ ಕುಂಕುಮ ಇಟ್ಟ ಹಾಗೆ ಕಾಣುತ್ತಿತ್ತು.

ಬರಿಗಾಲಿನವರ ಚರಿತ್ರೆ

ಬರಿಗಾಲಿನಲ್ಲಿ ಚೆಂಡಾಡುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಬಂಟ್ವಾಳ ತಾಲೂಕಿನ ಪೊಳಲಿ ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆಯಲ್ಲಿ ಇವತ್ತಿಗೂ ಐದು ದಿನ ಗದ್ದೆಯಲ್ಲಿ ದೊಡ್ಡ ಚರ್ಮದ ಚೆಂಡಿನ ಆಟ ನಡೆಯುತ್ತದೆ. ಎರಡು ಕಡೆಯ ಊರವರು ಬರಿಗಾಲಿನಲ್ಲಿ ನುಗ್ಗಾಡುತ್ತಾರೆ. 'ಪೊಳಲಿ ಚೆಂಡು' ಎಂದರೆ ನಮ್ಮಲ್ಲಿ ಗೊತ್ತಿಲ್ಲದವರಿಲ್ಲ.

ಮಳೆ ಜೋರಾಗಿ ಆಟ ನಿಂತಾಗ ನಮ್ಮ ಪಿ.ಡಿ. ಸರ್, ಅಂದರೆ ವ್ಯಾಯಾಮದ ಮೇಷ್ಟ್ರು, ನಮ್ಮನ್ನು ವರಾಂಡದಲ್ಲಿ ಕೂರಿಸಿ ಫುಟ್‌ಬಾಲ್ ಕಥೆ ಹೇಳುತ್ತಿದ್ದರು. 1911ರ ಜುಲೈ 29ರಂದು ಕಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬ್ರಿಟಿಷ್ ಸೈನಿಕರನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕಥೆ. ಆ ಹನ್ನೊಂದರಲ್ಲಿ ಬೂಟು ಹಾಕಿದವರು ಒಬ್ಬರೇ ಒಬ್ಬರು. ಆಮೇಲೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಕಥೆ. ಅಲ್ಲಿಯವರೆಗೆ ಆ ಕಪ್ಪು ಗೋರಾ ಸಿಪಾಯಿಗಳ ಮನೆಯ ಪಾತ್ರೆಯ ಹಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದ್ದು. 1938ರಲ್ಲಿಯೂ ಅವರೇ ಗೆದ್ದರು.

ಸರ್ ಅತಿ ಹೆಚ್ಚು ಪ್ರೀತಿಯಿಂದ ಹೇಳುತ್ತಿದ್ದದ್ದು 1948ರ ಲಂಡನ್ ಒಲಿಂಪಿಕ್ಸ್ ಕಥೆ. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಜುಲೈ 31ರಂದು ಫ್ರಾನ್ಸ್ ಎದುರು ನಮ್ಮ ತಂಡ ಆಡಿತು. ನಾಯಕ ನಾಗಾ ಬೆಟ್ಟದ ತಾಲಿಮೆರೆನ್ ಆವೊ. ಗೋಲು ಕಾಯಲು ಮೈಸೂರಿನ ಕೆ.ವಿ. ವರದರಾಜ್. ತಂಡದಲ್ಲಿ ಹೆಚ್ಚಿನವರು ಬರಿಗಾಲು. ಕೆಲವರು ಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದರು ಅಷ್ಟೆ. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದವರು ನಮ್ಮ ನಾಡಿನವರು! ಎರಡು ಪೆನಾಲ್ಟಿ ಸಿಕ್ಕಿದರೂ ಎರಡೂ ಗೋಲಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಹೊಡೆದು 2–1ರಿಂದ ಗೆದ್ದಿತು. ಬರಿಗಾಲಿನ ಬಗ್ಗೆ ಕೇಳಿದವರಿಗೆ ಆವೊ, ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂದರಂತೆ.

ಆಗ ಪುತ್ತೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಮನ್ ಅವರ ಮೈಸೂರು ನಮಗೆ ಬೇರೆ ರಾಜ್ಯ. 1956ರಲ್ಲಿ ಒಂದಾದೆವು. "ಹಾಗಾಗಿ ಆ ಗೋಲಿನಲ್ಲಿ ನಮಗೂ ಪಾಲು ಉಂಟು, ಹಿಂಬಾಕಿ ಲೆಕ್ಕದಲ್ಲಿ" ಎಂದು ಸರ್ ನಗುತ್ತಿದ್ದರು.

ಆ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೂ ಆಡಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ ಎಂಬ ಐದು ಮಂದಿ ಮುಂಪಂಕ್ತಿಯವರನ್ನು ಜನ 'ಪಂಚ ಪಾಂಡವರು' ಎಂದು ಕರೆಯುತ್ತಿದ್ದರು. ಆಗ ತಂಡದಲ್ಲಿ ಮುಂದೆ ಐದು ಮಂದಿ ಆಡುವುದೇ ಕ್ರಮ.

ಆದರೆ ಬರಿಗಾಲಿನ ಹೆಮ್ಮೆ ಹೆಚ್ಚು ವರ್ಷ ನಡೆಯಲಿಲ್ಲ. 1952ರಲ್ಲಿ ಚಳಿಯ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದ್ದು. ಅದಾದ ಮೇಲೆ ದೇಶದ ದೊಡ್ಡ ಪಂದ್ಯಗಳಲ್ಲಿ ಬೂಟು ಕಡ್ಡಾಯವಾಯಿತು. ಈ ಕಥೆ ಮುಗಿಸಿ ಸರ್ ಪ್ರತಿಸಲವೂ ಹೇಳುತ್ತಿದ್ದರು: "ಬರಿಗಾಲು ಧೈರ್ಯ ಕೊಡ್ತದೆ. ಬೂಟು ಹಿಡಿತ ಕೊಡ್ತದೆ. ಈಗಿನ ಆಟಕ್ಕೆ ಎರಡೂ ಬೇಕು."

ಬೂಟಿನ ಫಂಡು

1967–68ರ ಸಾಲಿನಲ್ಲಿ ಮೈಸೂರು ರಾಜ್ಯ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. ಸುದ್ದಿ ಪತ್ರಿಕೆಯಲ್ಲಿ ಓದಿ ನಮಗೆಲ್ಲ ರೆಕ್ಕೆ ಬಂದ ಹಾಗಾಗಿತ್ತು. 1968ರ ಜೂನಿನಲ್ಲಿ ಕಾಲೇಜು ತೆರೆದ ಕೂಡಲೇ ನಮ್ಮ ನಾಯಕ, ಸುಳ್ಯದ ಕಡೆಯವನು, ಹೇಳಿದ: "ಈ ವರ್ಷ ಮಂಗಳೂರಿನವರ ಎದುರು ಬೂಟು ಹಾಕಿಯೇ ಆಡುವುದು."

ಕಾಲೇಜಿನಲ್ಲಿ ನಾಲ್ಕು ಜೊತೆ ಹಳೆಯ ಬೂಟು ಇತ್ತು. ಬೇಕಾದದ್ದು ಇನ್ನು ಏಳು ಜೊತೆ. ಮಂಗಳೂರಿನ ಅಂಗಡಿಯಲ್ಲಿ ಜೊತೆಗೆ 18 ರೂಪಾಯಿ. ಏಳು ಹದಿನೆಂಟಲಿ ನೂರ ಇಪ್ಪತ್ತಾರು. ನಾನು ಒಂದು ರಶೀದಿ ಪುಸ್ತಕ ಮಾಡಿ ಪೇಟೆಗೆ ಹೊರಟೆ. ನಾಲ್ಕಾಣೆ, ಎಂಟಾಣೆ, ಒಂದು ರೂಪಾಯಿ. ಆಗ ನಯಾಪೈಸೆ ಬಂದು ಹತ್ತು ವರ್ಷವಾಗಿದ್ದರೂ ಬಾಯಲ್ಲಿ ಇನ್ನೂ ಆಣೆಯೇ. ಅತಿ ಹೆಚ್ಚು ಕೊಟ್ಟದ್ದು ಒಬ್ಬ ಜೀನಸು ಅಂಗಡಿಯ ಯಜಮಾನರು. ಐದು ರೂಪಾಯಿಯ ನೋಟನ್ನು ಕೈಯಲ್ಲಿಟ್ಟು, "ಬೂಟು ಹಾಕಿ ಆಡುವುದನ್ನು ನೋಡಲಿಕ್ಕೆ ನಾನೇ ಬರ್ತೇನೆ ಆಯ್ತಾ?" ಎಂದರು. ಜುಲೈ ಕೊನೆಗೆ 131 ರೂಪಾಯಿ 50 ಪೈಸೆ ಆಯಿತು.

ಕಡಬದ ಸೆಂಟರ್ ಹಾಫ್

ನಮ್ಮ ತಂಡದ ಬೆನ್ನೆಲುಬು ಸೆಂಟರ್ ಹಾಫ್. ಕಡಬದ ಕಡೆಯವನು. ಎತ್ತರದ ಆಳು, ಮಾತು ಕಡಿಮೆ. ಅವನನ್ನು ದಾಟಿ ಚೆಂಡು ಹೋದರೆ ನಾವು ಅವನಿಗೆ ಹುಷಾರಿಲ್ಲವೋ ಎಂದು ಕೇಳುತ್ತಿದ್ದೆವು. ಗೋಲು ಕಂಬಕ್ಕೆ ಅಡಿಕೆ ಮರ ಕಡಿಸಿ, ಹೆಗಲ ಮೇಲೆ ಹೊತ್ತು ತಂದು ನೆಟ್ಟವನೂ ಅವನೇ. ಮನೆಯಲ್ಲಿ ಗೇಣಿಯ ಸ್ವಲ್ಪ ಗದ್ದೆ. ಅವನ ತಂದೆ ಮಳೆಗಾಲದಲ್ಲಿ ಬೇರೆಯವರ ತೋಟಕ್ಕೆ ಹೋಗಿ, ಕೊಳೆರೋಗ ಬಾರದ ಹಾಗೆ ಅಡಿಕೆ ಮರ ಏರಿ ಮೈಲುತುತ್ತು ಬಿಡುತ್ತಿದ್ದರು.

ಆಗಸ್ಟ್ ಮೊದಲ ವಾರ ಅವರು ಮರದಿಂದ ಜಾರಿ ಬಿದ್ದು ಸೊಂಟ ಮುರಿಯಿತು. ಸೆಂಟರ್ ಹಾಫ್ ಒಂದು ವಾರ ಕಾಲೇಜಿಗೆ ಬರಲಿಲ್ಲ. ಹೊಳೆ ಬಂದಿದೆ ಎಂದು ನಾವು ತಿಳಿದೆವು. ಬಂದವನು ಸೀದಾ ನನ್ನ ಹತ್ತಿರ ಬಂದು ತಂಡದ ಜೆರ್ಸಿಯನ್ನು ಮಡಚಿ ಕೊಟ್ಟ. "ನಾನು ನಾಳೆಯಿಂದ ಬರುವುದಿಲ್ಲ" ಎಂದ. ಕಾರಣ ಹೇಳಲಿಲ್ಲ. ಕಾಲೇಜಿನ ಆಫೀಸಿನಲ್ಲಿ ಕೇಳಿದಾಗ ತಿಳಿಯಿತು: ಬಾಕಿ ಫೀಸು, ಪರೀಕ್ಷೆಯ ಫೀಸು ಸೇರಿ 96 ರೂಪಾಯಿ ಕಟ್ಟಬೇಕಿತ್ತು.

ಅವತ್ತು ಸಂಜೆ ನಾಯಕ, ಗೋಲ್‌ಕೀಪರ್ ಮತ್ತು ನಾನು ಮೈದಾನದ ಅಂಚಿನ ಗೇರು ಮರದ ಕೆಳಗೆ ಕುಳಿತೆವು. ನನ್ನ ಚೀಲದಲ್ಲಿ ಬೂಟಿನ ಹಣ ಇತ್ತು. ಮೂವರ ತಲೆಯಲ್ಲೂ ಅದೇ ಓಡುತ್ತಿತ್ತು, ಮೊದಲು ಹೇಳುವ ಧೈರ್ಯ ಯಾರಿಗೂ ಇಲ್ಲ.

"ಇದು ಬೂಟಿಗೆ ಅಂತ ಜನ ಕೊಟ್ಟ ಹಣ" ಎಂದೆ ನಾನು.

"ಗೊತ್ತುಂಟು" ಎಂದ ನಾಯಕ.

"ಟೀಮಿನವರನ್ನು ಕೇಳುವ."

"ಹನ್ನೊಂದು ಮಂದಿಗೆ ಗೊತ್ತಾದರೆ ಅವನಿಗೂ ಗೊತ್ತಾಗ್ತದೆ. ಗೊತ್ತಾದರೆ ಅವನು ತೆಗೆದುಕೊಳ್ಳುವ ಜನ ಅಲ್ಲ ಮಾರಾಯ."

ಮರುದಿನ ಬೆಳಿಗ್ಗೆ ನಾನೇ ಹೋಗಿ ಅವನ ಹೆಸರಿನಲ್ಲಿ 96 ರೂಪಾಯಿ ಕಟ್ಟಿದೆ. ಬಡ ವಿದ್ಯಾರ್ಥಿ ನಿಧಿಯಿಂದ ಬಂತಂತೆ ಎಂದು ಅವನಿಗೆ ಹೇಳಿದೆವು. ಫಂಡು ಸಾಕಾಗಲಿಲ್ಲ ಎಂದು ತಂಡಕ್ಕೆ ಹೇಳಿದೆವು. "ಹಾಕಿದರೆ ಹನ್ನೊಂದು ಮಂದಿಯೂ ಹಾಕುವ. ನಾಲ್ಕು ಮಂದಿಗೆ ಮಾತ್ರ ಬೇಡ" ಎಂದು ನಾಯಕ ಹಳೆಯ ಬೂಟುಗಳನ್ನೂ ಕಪಾಟಿನಲ್ಲಿ ಇಡಿಸಿದ.

ಉಳಿದ ಹಣದಲ್ಲಿ ಎರಡು ಬ್ಲಾಡರು 3 ರೂಪಾಯಿ, ಕಾಲಿಗೆ ಸುತ್ತುವ ಪಟ್ಟಿ ಆರೂವರೆ. ಕೈಯಲ್ಲಿ 26 ರೂಪಾಯಿ. ಲೆಕ್ಕ ಬರೆಯಲು ಕುಳಿತರೆ ಆ 96 ರೂಪಾಯಿಗೆ ಯಾವ ಹೆಸರು ಕೊಡುವುದು? ಒಂದು ಗಂಟೆ ಯೋಚಿಸಿ ಬರೆದೆ: 'ಗೋಲು ಕಂಬ ರಿಪೇರಿ'.

ಸಹಿಗೆ ಪಿ.ಡಿ. ಸರ್ ಹತ್ತಿರ ಒಯ್ದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಕಿಟಕಿಯಿಂದ ಹೊರಗೆ ನೋಡಿದರು. ಪುಕ್ಕಟೆ ಬಂದ ಅಡಿಕೆ ಕಂಬಗಳು ಮಳೆಯಲ್ಲಿ ನಿಂತಿದ್ದವು. ನನ್ನ ಬಾಯಿ ಒಣಗಿತು.

"ಕಂಬ ಈಗ ಗಟ್ಟಿ ಉಂಟಾ?" ಎಂದರು.

"ಉಂಟು ಸರ್."

"ಹಾಗಾದರೆ ಸರಿ" ಎಂದು ಸಹಿ ಹಾಕಿದರು.

ಫೈನಲ್

ಆಗ ನಮ್ಮ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಮಂಗಳೂರು ವಿಶ್ವವಿದ್ಯಾನಿಲಯ ಆದದ್ದು 1980ರಲ್ಲಿ. ಅಂತರ್‌ಕಾಲೇಜು ಪಂದ್ಯಗಳು ಮಂಗಳೂರಿನ ನೆಹರೂ ಮೈದಾನದಲ್ಲಿ. ಮೊದಲ ಪಂದ್ಯ 2–0, ಎರಡನೆಯದು 1–0, ಸೆಮಿಫೈನಲ್ 2–1. ಮೂರನ್ನೂ ಬರಿಗಾಲಿನಲ್ಲಿಯೇ ಗೆದ್ದೆವು. ಮುರಕಲ್ಲಿನಲ್ಲಿ ಆಡಿದ ಕಾಲಿಗೆ ಮಂಗಳೂರಿನ ಮೈದಾನ ಹಾಸಿಗೆಯ ಹಾಗಿತ್ತು. ಅಂಗಾಲಿನಲ್ಲಿ ಚೆಂಡನ್ನು ಒತ್ತಿ ನಿಲ್ಲಿಸಿ, ಬೆರಳಿನಿಂದ ಎತ್ತಿ ದಾಟಿಸುವ ನಮ್ಮ ಹುಡುಗರ ಆಟ ನೋಡಿ ಜನ ಚಪ್ಪಾಳೆ ಹೊಡೆದರು.

ಫೈನಲ್ ದಿನ ಬೆಳಗಿನಿಂದ ಮಳೆ. ಎದುರಾಳಿಗಳು ಬೂಟು ಕಟ್ಟಿ ಇಳಿದರು. ನಮ್ಮ ಸೆಂಟರ್ ಫಾರ್ವರ್ಡ್ ಮೊದಲ ಅರ್ಧದಲ್ಲೇ ಗೋಲು ಹೊಡೆದ. ನಾವು ಗೆದ್ದೇ ಬಿಟ್ಟೆವೆಂದು ತಿಳಿದೆ. ಆದರೆ ಎರಡನೇ ಅರ್ಧಕ್ಕೆ ಮೈದಾನ ಉಳುಮೆ ಮಾಡಿದ ಗದ್ದೆಯಾಯಿತು. ನೀರು ಕುಡಿದ ಚೆಂಡನ್ನು ಬರಿಗಾಲಿನಲ್ಲಿ ಒದ್ದರೆ ಹತ್ತು ಮಾರು ಹೋಗುವುದಿಲ್ಲ. ಅವರ ಬೂಟಿನ ಕೆಳಗಿನ ಗುಬಟುಗಳು ಕೆಸರಿನಲ್ಲಿ ಊರಿ ನಿಲ್ಲುತ್ತಿದ್ದವು, ನಮ್ಮವರು ಜಾರುತ್ತಿದ್ದರು. ಒಬ್ಬನ ಉಗುರು ಕಿತ್ತು ಬಂತು. ಒಂದೊಂದಾಗಿ ಮೂರು ಗೋಲು ಬಿದ್ದವು. ಸೆಂಟರ್ ಹಾಫ್ ಇಲ್ಲದಿದ್ದರೆ ಆರು ಬೀಳುತ್ತಿತ್ತು. 3–1ರಿಂದ ಸೋತೆವು.

ಆ ಸೋಲಿಗಿಂತ ಹೆಚ್ಚು ನೋವಾದದ್ದು ಇನ್ನೊಂದು. ಅಡಿಕೆ ವ್ಯಾಪಾರಕ್ಕೆ ಮಂಗಳೂರಿಗೆ ಬಂದಿದ್ದ ಜೀನಸು ಅಂಗಡಿಯ ಯಜಮಾನರು ಮಾತಿನಂತೆ ಕೊಡೆ ಹಿಡಿದು ಮೈದಾನಕ್ಕೆ ಬಂದಿದ್ದರು. ನನ್ನನ್ನು ಹುಡುಕಿ ಕೇಳಿದರು: "ಬೂಟು ಎಲ್ಲಿ?"

"ಮಳೆಗೆ ಜಾರ್ತದೆ ಅಂತ ಬಿಚ್ಚಿಟ್ಟಿದ್ದೇವೆ" ಎಂದು ಸುಳ್ಳು ಹೇಳಿದೆ.

ಅವರು ಎದುರು ತಂಡದ ಬೂಟುಗಳನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಏನೂ ಹೇಳದೆ ಹೋದರು. ಅವರು ನನ್ನನ್ನು ಕಳ್ಳನೆಂದು ತಿಳಿದರು ಎಂಬುದು ನನಗೆ ಗೊತ್ತಾಯಿತು. ವಾಪಸು ಬರುವಾಗ ಬಿ.ಸಿ. ರೋಡಿನಲ್ಲಿ ಸರ್ ಎಲ್ಲರಿಗೂ ಗೋಳಿಬಜೆ, ಚಹಾ ಕೊಡಿಸಿದರು. ನನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅವತ್ತಿನಿಂದ ಆ ಅಂಗಡಿಯ ಎದುರಿನಿಂದ ಹೋಗುವುದನ್ನೇ ಬಿಟ್ಟೆ.

ಲಕೋಟೆ

ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಜಿಲ್ಲೆ ಅಂದಿನ ನಮ್ಮ ದಕ್ಷಿಣ ಕನ್ನಡ. ನನಗೂ ಒಂದು ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. 1973ರ ಒಂದು ದಿನ ನನ್ನ ಕೌಂಟರಿನ ಎದುರು ಎತ್ತರದ ಒಬ್ಬರು ನಿಂತರು. ನಮ್ಮ ಸೆಂಟರ್ ಹಾಫ್! ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಸುಳ್ಯದ ಕಡೆ ಹೈಸ್ಕೂಲು ಮೇಷ್ಟ್ರಾಗಿದ್ದ. ಕಿಸೆಯಿಂದ ಒಂದು ಲಕೋಟೆ ತೆಗೆದು ಕಿಂಡಿಯೊಳಗೆ ತಳ್ಳಿದ. ಎಣಿಸಿದೆ. 96 ರೂಪಾಯಿ.

"ಯಾವ ಖಾತೆಗೆ?" ಎಂದೆ, ಅಭ್ಯಾಸಬಲದಿಂದ.

"ಗೋಲು ಕಂಬದ ಖಾತೆಗೆ" ಎಂದ.

ನನ್ನ ಪೆನ್ನು ಕೆಳಗೆ ಬಿತ್ತು. "ನಿನಗೆ ಹೇಗೆ ಗೊತ್ತಾಯ್ತು?"

"ವರ್ಷದ ಕೊನೆಗೆ ನೀನೇ ಲೆಕ್ಕವನ್ನು ನೋಟೀಸ್ ಬೋರ್ಡಿಗೆ ಹಾಕಿದ್ದಿಯಲ್ಲಾ ಮಾರಾಯ. ಆ ಕಂಬ ಹೊತ್ತು ತಂದದ್ದು ನಾನು. ಅದಕ್ಕೆ 96 ರೂಪಾಯಿ ರಿಪೇರಿ ಎಂತದ್ದು?" ಎಂದು ನಕ್ಕ. ಆಮೇಲೆ ಮೆಲ್ಲನೆ ಹೇಳಿದ: "ಫೈನಲಿನಲ್ಲಿ ಗೊತ್ತಿದ್ದರೆ ನಾನು ಆಡುತ್ತಿರಲಿಲ್ಲ. ಗೊತ್ತಾಗದ್ದು ಒಳ್ಳೆಯದಾಯಿತು."

ಆ ಹಣದಲ್ಲಿ ನಮ್ಮ ಕಾಲೇಜಿನ ತಂಡಕ್ಕೆ ಬೂಟು ತೆಗೆದುಕೊಟ್ಟೆವು. ಆಗ ಜೊತೆಗೆ 24 ರೂಪಾಯಿ ಆಗಿತ್ತು. ಸರಿಯಾಗಿ ನಾಲ್ಕು ಜೊತೆ ಬಂತು, ಚಿಲ್ಲರೆ ಉಳಿಯಲಿಲ್ಲ.

ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ 'ಕರ್ನಾಟಕ' ಆಯಿತು. 1968–69ರ ಸಾಲಿನಲ್ಲಿಯೂ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿದ್ದ ನಮ್ಮ ರಾಜ್ಯ, ಕರ್ನಾಟಕ ಎಂಬ ಹೆಸರಿನಲ್ಲಿ ಅದನ್ನು ಗೆಲ್ಲಲು ಬಹಳ ಕಾಲ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ 54 ವರ್ಷ ಕಳೆದಿತ್ತು. ಅವತ್ತು ಸೆಂಟರ್ ಹಾಫ್ ಫೋನು ಮಾಡಿದ. ಹೆಡ್‌ಮಾಷ್ಟ್ರಾಗಿ ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ. ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಇಬ್ಬರೂ ಬೊಬ್ಬೆ ಹೊಡೆದು ಮಾತಾಡಿದೆವು.

ಬ್ಯಾಂಕಿನಲ್ಲಿ ಇದ್ದಷ್ಟು ವರ್ಷ ನಾನು ಒಂದು ಪೈಸೆಯ ಸುಳ್ಳು ಲೆಕ್ಕ ಬರೆಯಲಿಲ್ಲ. ಆ ಒಂದು ಸಾಲೇ ಮೊದಲಿನದ್ದು, ಕೊನೆಯದ್ದು. ಅದು ಸರಿಯೋ ತಪ್ಪೋ ಎಂದು ಮೊಮ್ಮಗಳು ಕೇಳಿದಳು. "ಜನರ ಹಣ ಅವರನ್ನು ಕೇಳದೆ ತೆಗೆದದ್ದು ತಪ್ಪು. ಹೋಗಿ ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಕೇಳುವ ಧೈರ್ಯ ನನಗಿರಲಿಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಂಗಡಿ ಅಜ್ಜನಿಗೆ ಆಮೇಲಾದ್ರೂ ಹೇಳಿದ್ರಾ?" ಎಂದಳು.

ಇಲ್ಲ. ಇವತ್ತು ಹೇಳುವ, ನಾಳೆ ಹೇಳುವ ಎಂದು ದಿನ ದೂಡಿದೆ. ಒಂದು ದಿನ ಆ ಅಂಗಡಿಯ ಬಾಗಿಲು ಹಾಕಿತ್ತು. ಅವರು ತೀರಿಕೊಂಡಿದ್ದರು. ನನ್ನ ಪುಸ್ತಕದಲ್ಲಿ ಟ್ಯಾಲಿ ಆಗದೆ ಉಳಿದ ಲೆಕ್ಕ ಅದೊಂದೇ.

ಈಗ ಆ ಅಂಗಡಿಯಲ್ಲಿ ಅವರ ಮೊಮ್ಮಗ ಕುಳಿತುಕೊಳ್ಳುತ್ತಾನೆ. ವಾರ ವಾರ ಈ ಪತ್ರಿಕೆಯನ್ನೂ ಹಗ್ಗಕ್ಕೆ ನೇತು ಹಾಕಿ ಮಾರುತ್ತಾನೆ. ಈ ಸಂಚಿಕೆಯೂ ಅವನ ಕೈಗೆ ಹೋಗುತ್ತದೆ. ಮಗಾ, ಇದನ್ನು ಓದಿದರೆ ತಿಳಿದುಕೋ: ನಿನ್ನ ಅಜ್ಜ ಕೊಟ್ಟ ಐದು ರೂಪಾಯಿ ಬೂಟಿಗೆ ಹೋಗಲಿಲ್ಲ. ಕಡಬದ ಒಬ್ಬ ಹುಡುಗ ಮೇಷ್ಟ್ರಾಗುವುದಕ್ಕೆ ಹೋಯಿತು.